ತಿಂಗಳ ಪಾಠ: ಟಿ.ವಿ.ಯಲ್ಲಿ ತಜ್ಞರು ಮಾತಾಡುವಾಗ ನಾವು ಹೇಗೆ ಕೇಳಬೇಕು?



ನಡಾವಳಿ ಪುಸ್ತಕ ಬರೆಯುವುದು, ಬ್ಯಾಂಕಿಗೆ ಹೋಗಿ ವ್ಯವಹರಿಸುವುದು, ಸಾಲದ ಲೆಕ್ಕ ಇಡುವುದು ಇವೆಲ್ಲ ನಮ್ಮ ಪಾಠಗಳಲ್ಲಿ ಬರುತ್ತಲೇ ಇರುತ್ತವೆ. ಈ ಸಲ ಸ್ವಲ್ಪ ಬೇರೆ ವಿಷಯ. ಸಂಜೆ ಹೊತ್ತು ಅಡುಗೆಗೆ ಇಟ್ಟು ಟಿ.ವಿ. ಹಾಕಿದರೆ ಒಂದೇ ಪರದೆಯಲ್ಲಿ ಆರೇಳು ಮುಖ ಕಾಣಿಸುತ್ತವೆ. ಒಬ್ಬರ ಹೆಸರಿನ ಕೆಳಗೆ 'ಆರ್ಥಿಕ ತಜ್ಞರು', ಇನ್ನೊಬ್ಬರ ಕೆಳಗೆ 'ಸಾರ್ವಜನಿಕ ನೀತಿ ತಜ್ಞರು', ಮತ್ತೊಬ್ಬರ ಕೆಳಗೆ 'ರಾಜಕೀಯ ವಿಶ್ಲೇಷಕರು' ಅಂತ ಬರೆದಿರುತ್ತೆ. ಎಲ್ಲರೂ ಮಾತಾಡುತ್ತಿರುವುದು ನಮ್ಮ ಸಾಲ, ನಮ್ಮ ಅಕ್ಕಿ, ನಮ್ಮ ಕೂಲಿಯ ವಿಷಯ. ನಾವು ಮಾತ್ರ "ಓದಿದವರು ಹೇಳ್ತಾ ಇದ್ದಾರೆ, ನಮಗೇನು ಗೊತ್ತು" ಅಂತ ಸುಮ್ಮನೆ ಕೇಳುತ್ತೇವೆ. ಇಲ್ಲದಿದ್ದರೆ "ಎಲ್ಲ ದುಡ್ಡು ತಗೊಂಡು ಮಾತಾಡೋರೇ" ಅಂತ ಧಾರಾವಾಹಿಗೆ ಚಾನೆಲ್ ತಿರುಗಿಸುತ್ತೇವೆ. ಈ ಎರಡರಿಂದಲೂ ನಮಗೆ ನಷ್ಟ. ಹೇಗೆ ಅಂತ ನೋಡೋಣ.

2025ರ ಜನವರಿಯನ್ನು ನೆನಪು ಮಾಡಿಕೊಳ್ಳಿ. ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿ ಕಿರುಕುಳಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ, ಆತ್ಮಹತ್ಯೆಯ ಸುದ್ದಿ ಚಾಮರಾಜನಗರ, ಮೈಸೂರು ಕಡೆಯಿಂದ ಮತ್ತು ಬೇರೆ ಜಿಲ್ಲೆಗಳಿಂದ ದಿನಾ ಬರುತ್ತಿತ್ತು. ರಾಜ್ಯ ಸರ್ಕಾರ ಒಂದು ಸುಗ್ರೀವಾಜ್ಞೆ ಸಿದ್ಧ ಮಾಡಿತು. ಬಲವಂತದ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿತ್ತು. ರಾಜ್ಯಪಾಲರು ಅದನ್ನು ಒಮ್ಮೆ ವಾಪಸ್ ಕಳಿಸಿದರು. ಕೊಡುವ ಸಾಲವೇ 3 ಲಕ್ಷದೊಳಗೆ ಇರುವಾಗ ದಂಡ 5 ಲಕ್ಷ ಯಾಕೆ, ಇರುವ ಕಾನೂನಿನಲ್ಲೇ ಕ್ರಮ ತೆಗೆದುಕೊಳ್ಳಬಹುದಲ್ಲ ಎಂಬಂಥ ಆಕ್ಷೇಪಗಳನ್ನು ಎತ್ತಿದರು. ಸರ್ಕಾರ ವಿವರಣೆ ಕೊಟ್ಟ ಮೇಲೆ ಫೆಬ್ರವರಿ 12ರಂದು ಸಹಿ ಬಿತ್ತು. ಮಾರ್ಚ್‌ನಲ್ಲಿ ವಿಧಾನಮಂಡಲವೂ ಒಪ್ಪಿತು.

ಆ ತಿಂಗಳುಗಳಲ್ಲಿ ಚಾನೆಲ್‌ಗಳಲ್ಲಿ, ಪತ್ರಿಕೆಗಳಲ್ಲಿ ಚರ್ಚೆಯೋ ಚರ್ಚೆ. ಅದನ್ನು ಅರ್ಧ ಕೇಳಿಸಿಕೊಂಡ ನಮ್ಮ ಕೆಲವು ಸಂಘಗಳಲ್ಲಿ ಏನಾಯಿತು? ಒಂದು ಒಕ್ಕೂಟದ ಸಭೆಯಲ್ಲಿ ಒಬ್ಬ ತಂಗಿ ನಮ್ಮ ಕಾರ್ಯಕರ್ತೆಯನ್ನು ಕೇಳಿದಳು: "ಅಕ್ಕಾ, ಸಾಲ ಎಲ್ಲ ಮನ್ನಾ ಆಗಿದೆಯಂತಲ್ಲ, ಟಿ.ವಿ.ಯಲ್ಲಿ ದೊಡ್ಡೋರೇ ಹೇಳಿದ್ರು. ಈ ವಾರದ ಕಂತು ಕಟ್ಟೋದು ಬೇಡ ಅಲ್ವಾ?" ಅವಳು ಹೇಳುತ್ತಿದ್ದದ್ದು ಮೈಕ್ರೋ ಫೈನಾನ್ಸ್ ಸಾಲದ ಮಾತಲ್ಲ, ಸಂಘದ ಮೂಲಕ ಬ್ಯಾಂಕಿನಿಂದ ತೆಗೆದ ಸಾಲದ ಮಾತು! ಕಾನೂನಿನಲ್ಲಿ ಇರುವುದು ಬೇರೆ. ಪರವಾನಗಿ ಇಲ್ಲದ, ನೋಂದಣಿ ಆಗದ ಸಂಸ್ಥೆಗಳು ಕೊಟ್ಟ ಸಾಲಕ್ಕೆ ಮಾತ್ರ ಅದು ತೀರಿದ ಸಾಲ ಎಂಬ ಮಾತು ಅನ್ವಯಿಸುತ್ತದೆ. ಚರ್ಚೆಗೆ ಬಂದ ವಿದ್ವಾಂಸರು ಪ್ರಾಯಶಃ ಸರಿಯಾಗಿಯೇ ಹೇಳಿದ್ದರು. 'ಪರವಾನಗಿ ಇಲ್ಲದ' ಎಂಬ ಮಾತು ಜಾಹೀರಾತಿನ ನಡುವೆ ಕಳೆದುಹೋಗಿರಬೇಕು. ಅವಳ ಮಾತು ನಂಬಿ ಹತ್ತು ಮಂದಿ ಕಂತು ನಿಲ್ಲಿಸಿದ್ದರೆ ಸಂಘದ ಹೆಸರು ಸುಸ್ತಿದಾರರ ಪಟ್ಟಿಗೆ ಸೇರುತ್ತಿತ್ತು. ಸಾಲದ ದಾಖಲೆ ಇಡುವ ಸಂಸ್ಥೆಗಳಲ್ಲಿ ಒಮ್ಮೆ ಹೆಸರು ಕೆಟ್ಟರೆ ಮುಂದಿನ ಸಾಲಕ್ಕೆ ಎಷ್ಟು ಓಡಾಟ ಅನ್ನುವುದು ನಿಮಗೆ ಗೊತ್ತೇ ಇದೆ.

ಮೊದಲು, ಇವರೆಲ್ಲ ಯಾರು ಅಂತ ತಿಳಿಯೋಣ. ಸರ್ಕಾರ ಒಂದು ಕಾನೂನೋ ಯೋಜನೆಯೋ ತಂದರೆ ಅದಕ್ಕೆ ಹಣ ಎಲ್ಲಿಂದ, ಅದು ಯಾರಿಗೆ ತಲುಪುತ್ತೆ, ಯಾರು ಬಿಟ್ಟು ಹೋಗುತ್ತಾರೆ, ಅಂದುಕೊಂಡದ್ದು ಒಂದು ಆದದ್ದು ಇನ್ನೊಂದು ಯಾಕೆ ಆಯಿತು ಎಂದು ವರ್ಷಗಟ್ಟಲೆ ಅಧ್ಯಯನ ಮಾಡುವವರು ಇದ್ದಾರೆ. ಇವರೇ ಸಾರ್ವಜನಿಕ ನೀತಿಯ ವಿದ್ವಾಂಸರು. ಬೆಂಗಳೂರಿನಲ್ಲೇ 1972ರಲ್ಲಿ ಪ್ರೊ. ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಇದೆ. ಐ.ಐ.ಎಂ. ಬೆಂಗಳೂರಿನಲ್ಲಿ ಸಾರ್ವಜನಿಕ ನೀತಿಗೆಂದೇ ಒಂದು ಕೇಂದ್ರ ಇದೆ. ಇಂಥವರು ಪತ್ರಿಕೆಗೆ ಬರೆದರೆ, ಟಿ.ವಿ.ಗೆ ಬಂದರೆ ನಮಗೆ ಒಳ್ಳೆಯದೇ. ಆದರೆ 'ರಾಜಕೀಯ ವಿಶ್ಲೇಷಕರು' ಎಂಬ ಪಟ್ಟಿ ಯಾರ ಹೆಸರಿನ ಕೆಳಗೆ ಬೇಕಾದರೂ ಬರಬಹುದು. ಒಂದು ಪಕ್ಷದ ವಕ್ತಾರರಾಗಿದ್ದವರೂ ಅದೇ ಪಟ್ಟಿಯಲ್ಲಿ ಬರುವುದುಂಟು. ಆದ್ದರಿಂದ ಹೆಸರಿನ ಜೊತೆಗೆ ಕೆಲಸವನ್ನೂ ನೋಡಬೇಕು.

ಈಗ ಹದಿನೈದು ವರ್ಷ ಹಿಂದಕ್ಕೆ ಹೋಗೋಣ. 2025ರಲ್ಲಿ ನಮ್ಮಲ್ಲಿ ನಡೆದ ಚರ್ಚೆ 2010ರಲ್ಲೇ ಪಕ್ಕದ ಆಂಧ್ರಪ್ರದೇಶದಲ್ಲಿ ನಡೆದಿತ್ತು. ತೆಲಂಗಾಣ ಆಗ ಬೇರೆ ರಾಜ್ಯವಾಗಿರಲಿಲ್ಲ. ಅಲ್ಲಿ ಒಬ್ಬೊಬ್ಬ ಹೆಂಗಸಿನ ಮೇಲೆ ಮೂರು ನಾಲ್ಕು ಕಂಪನಿಗಳ ಸಾಲ, ವಾರ ವಾರ ಕಂತು, ಕಟ್ಟದಿದ್ದರೆ ಮನೆ ಮುಂದೆ ಗಲಾಟೆ. ಆತ್ಮಹತ್ಯೆಗಳ ವರದಿ ಬಂದವು. ಅದೇ ವರ್ಷ ಎಸ್‌ಕೆಎಸ್ ಎಂಬ ದೊಡ್ಡ ಮೈಕ್ರೋ ಫೈನಾನ್ಸ್ ಕಂಪನಿ ಷೇರು ಪೇಟೆಗೆ ಬಂದಿತ್ತು. ಬಡ ಹೆಂಗಸರ ಸಾಲದಿಂದ ಇಷ್ಟೊಂದು ಲಾಭವೇ ಎಂದು ಜನ ಕಣ್ಣರಳಿಸಿದರು. ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಂಪನಿಗಳು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು, ವಾರದ ಕಂತಿನ ಬದಲು ತಿಂಗಳ ಕಂತು ತೆಗೆದುಕೊಳ್ಳಬೇಕು ಎಂದಿತು.

ಆಗ ವಿದ್ವಾಂಸರು ಪತ್ರಿಕೆಗಳಲ್ಲಿ ಬರೆಯತೊಡಗಿದರು. ಎಲ್ಲರೂ ಒಂದೇ ಮಾತು ಹೇಳಲಿಲ್ಲ. ಎಂ.ಎಸ್. ಶ್ರೀರಾಮ್ ಅವರ ಹೆಸರು ನಿಮ್ಮಲ್ಲಿ ಕೆಲವರಿಗೆ ಕನ್ನಡ ಕಥೆಗಾರರಾಗಿ ಗೊತ್ತಿರಬಹುದು. ಬಡವರ ಹಣಕಾಸಿನ ವ್ಯವಹಾರವನ್ನು ಅಧ್ಯಯನ ಮಾಡುವ ಪ್ರಾಧ್ಯಾಪಕರೂ ಹೌದು. ಅವರು 2010ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನ ಬರೆದರು. ಬಡವರ ಹೆಸರಿನಲ್ಲಿ ಬಂದ ಅನುದಾನದ ಹಣ ಕೆಲವು ಸಂಸ್ಥೆಗಳಲ್ಲಿ ಹೇಗೆ ಖಾಸಗಿ ಲಾಭದ ದಾರಿ ಹಿಡಿಯಿತು ಎಂಬುದನ್ನು ಲೆಕ್ಕಪತ್ರ ಮುಂದಿಟ್ಟುಕೊಂಡು ಪ್ರಶ್ನಿಸಿದರು. ಸುಗ್ರೀವಾಜ್ಞೆ ಬರುವ ಕೆಲವು ತಿಂಗಳ ಮೊದಲೇ ಬಂದ ಲೇಖನ ಅದು. ಇನ್ನೊಂದು ಕಡೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದ ಅರ್ಥಶಾಸ್ತ್ರಜ್ಞರು ಸೇರಿ ಆ ವರ್ಷ ನವೆಂಬರ್‌ನಲ್ಲಿ ಒಂದು ಇಂಗ್ಲಿಷ್ ದಿನಪತ್ರಿಕೆಗೆ ಬರೆದರು. (ಈ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು.) ಮೈಕ್ರೋ ಫೈನಾನ್ಸ್ ಅನ್ನು ಸರಿಪಡಿಸಿ, ಆದರೆ ಕೊಲ್ಲಬೇಡಿ ಎಂಬುದು ಅವರ ವಾದದ ಸಾರ.

ಇಬ್ಬರಲ್ಲಿ ಯಾರು ಸರಿ? ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ ಅಂತ ನಮಗೆ ಅನಿಸುತ್ತದೆ. ಒಬ್ಬರು ಹಣ ಎಲ್ಲಿಗೆ ಹೋಯಿತು ಅಂತ ನೋಡುತ್ತಿದ್ದಾರೆ. ಇನ್ನೊಬ್ಬರು ನಾಳೆ ಸಾಲವೇ ಸಿಗದಿದ್ದರೆ ಆ ಹೆಂಗಸಿನ ಗತಿ ಏನು ಅಂತ ನೋಡುತ್ತಿದ್ದಾರೆ. ಟಿ.ವಿ.ಯಲ್ಲಿ ಇಂಥ ಇಬ್ಬರನ್ನು ಎದುರು ಬದುರು ಕೂರಿಸಿ ಕೋಳಿ ಜಗಳ ಮಾಡಿಸುತ್ತಾರೆ. ನಿಜವಾಗಿ ಅವರ ಪ್ರಶ್ನೆಗಳೇ ಬೇರೆ ಬೇರೆ.

ತಜ್ಞರ ಮಾತನ್ನು ಅಕ್ಕಿ ಆರಿಸಿದ ಹಾಗೆ ಮೊರದಲ್ಲಿ ಹಾಕಿ ನೋಡಬೇಕು. ಅದರಲ್ಲಿ ಮೂರು ಬಗೆಯ ಮಾತು ಬೆರೆತಿರುತ್ತದೆ. ಆಗಿಹೋದದ್ದನ್ನು ಎಣಿಸಿ ಹೇಳುವ ಮಾತು ಒಂದು. ಮುಂದೆ ಹೀಗಾಗಬಹುದು ಎಂಬ ಅಂದಾಜು ಇನ್ನೊಂದು. ಯಾರಿಗೆ ಮೊದಲು ನ್ಯಾಯ ಸಿಗಬೇಕು ಎಂಬ ಅವರ ಮನಸ್ಸಿನ ತೂಕ ಮೂರನೆಯದು. ಮೂರನ್ನೂ ಒಂದೇ ಉಸಿರಿನಲ್ಲಿ, ಒಂದೇ ಧಾಟಿಯಲ್ಲಿ ಹೇಳುವುದರಿಂದ ನಮಗೆ ಎಲ್ಲವೂ ವಿದ್ಯೆಯ ಮಾತು ಅನ್ನಿಸಿಬಿಡುತ್ತದೆ.

ಎಣಿಕೆಯ ಮಾತನ್ನು ಗೌರವದಿಂದ ಕೇಳಬೇಕು. ಯಾಕೆಂದರೆ ಅದಕ್ಕೆ ಶ್ರಮ ಬಿದ್ದಿರುತ್ತದೆ. ಅದೇ ಬ್ಯಾನರ್ಜಿ, ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅದರಲ್ಲಿ 52ನ್ನು ತೆಗೆದು, ಅಲ್ಲಿ ಮಾತ್ರ ಮೊದಲು ಮೈಕ್ರೋ ಫೈನಾನ್ಸ್ ಶಾಖೆ ತೆರೆಯುವಂತೆ ಮಾಡಿ, ಎರಡೂ ಕಡೆಯ ಮನೆಗಳ ಖರ್ಚುವೆಚ್ಚ ಹೋಲಿಸಿದರು. ಮೊದಲೇ ಸಣ್ಣ ವ್ಯಾಪಾರ ಇದ್ದವರು ಅದನ್ನು ಸ್ವಲ್ಪ ಬೆಳೆಸಿಕೊಂಡಿದ್ದರು. ಆದರೆ ಒಟ್ಟಾರೆ ಮನೆಯ ಖರ್ಚು ಏರಲಿಲ್ಲ. ಹೆಣ್ಣುಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವುಗಳಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. 2015ರಲ್ಲಿ ಇದು ಅಚ್ಚಾಯಿತು. ಅಂದರೆ "ಸಾಲ ಕೊಟ್ಟರೆ ಬಡತನ ಹೋಗುತ್ತೆ" ಎಂದು ವೇದಿಕೆಗಳಲ್ಲಿ ಹೇಳುತ್ತಿದ್ದ ಮಾತು ನಿಲ್ಲಲಿಲ್ಲ. ಮೈಕ್ರೋ ಫೈನಾನ್ಸ್ ಪರವಾಗಿ ಪತ್ರಿಕೆಗೆ ಬರೆದವರೇ ಅದು ಪವಾಡವಲ್ಲ ಅಂತಲೂ ತೋರಿಸಿದರು. ಇಂಥವರ ಮಾತಿಗೆ ನಾವು ಹೆಚ್ಚು ಕಿವಿಗೊಡುತ್ತೇವೆ. ತನ್ನ ಕಡೆಗೆ ಅನುಕೂಲವಲ್ಲದ ಲೆಕ್ಕವನ್ನೂ ಹೊರಗಿಡುವವರು ಅಪರೂಪ.

ಅಂದಾಜಿನ ಮಾತನ್ನು ಬರೆದಿಟ್ಟುಕೊಂಡು ಕಾಯಬೇಕು. "ಆಂಧ್ರದ ಕಾನೂನಿನಿಂದ ಬಡವರಿಗೇ ತೊಂದರೆ" ಎಂದು 2010ರಲ್ಲಿ ಕೆಲವರು ಹೇಳಿದ್ದು ಅಂದಾಜು. ಏನಾಯಿತು? ಆಂಧ್ರದಲ್ಲಿ ಕಂಪನಿಗಳ ವಸೂಲಿ ಬಹುಪಾಲು ನಿಂತೇ ಹೋಯಿತು. ಕೈಯಲ್ಲಿ ಹಣ ಇಲ್ಲದ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿಮೆ ಮಾಡಿದವು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಆ ಜಿಲ್ಲೆಗಳ ಲೆಕ್ಕ ತೆಗೆದು 2021ರಲ್ಲಿ ಪ್ರಕಟಿಸಿದರು. ಸಾಲ ಒಣಗಿದ ಕಡೆಗಳಲ್ಲಿ ಸಾಲ ತೆಗೆದವರಿಗಷ್ಟೇ ಅಲ್ಲ, ಕೂಲಿಗೆ ಹೋಗುವವರ ದಿನಗೂಲಿಯೂ ಇಳಿದಿತ್ತು. ಅಂದಾಜು ಹೇಳಿದ ಹನ್ನೊಂದು ವರ್ಷದ ಮೇಲೆ ಲೆಕ್ಕ ಬಂತು! ಟಿ.ವಿ.ಯಲ್ಲಿ ಇಷ್ಟು ಹೊತ್ತು ಯಾರು ಕಾಯುತ್ತಾರೆ? ಇದರ ಅರ್ಥ ಆಂಧ್ರ ಸರ್ಕಾರ ಸುಮ್ಮನೆ ಇರಬೇಕಿತ್ತು ಅಂತಲೂ ಅಲ್ಲ. ಬಾಗಿಲಿಗೆ ಬಂದು ಮಾನ ಕಳೆಯುವವರನ್ನು ತಡೆಯಲೇಬೇಕು. ತಡೆಯುವ ದಾರಿಯಲ್ಲಿ ಯಾರ ಕೂಲಿ ಇಳಿಯುತ್ತೆ ಅನ್ನುವುದನ್ನೂ ನೋಡಬೇಕು, ಅಷ್ಟೇ. 2025ರ ನಮ್ಮ ಕಾನೂನಿನ ಬಗ್ಗೆ ಪರವೋ ವಿರೋಧವೋ ಹೇಳಿದವರ ಅಂದಾಜನ್ನೂ ಹೀಗೇ ಗಂಟು ಕಟ್ಟಿ ಇಟ್ಟುಕೊಳ್ಳಿ.

ಮೂರನೆಯದು ಮನಸ್ಸಿನ ತೂಕ. ಸಾಲ ಕೊಟ್ಟವನ ಹಣ ಸುರಕ್ಷಿತವಾಗಿರುವುದು ದೊಡ್ಡದೋ, ಸಾಲ ತೆಗೆದವಳ ಮರ್ಯಾದೆ ದೊಡ್ಡದೋ? ಇದಕ್ಕೆ ಯಾವ ಲೆಕ್ಕದಲ್ಲೂ ಉತ್ತರವಿಲ್ಲ. ಇಲ್ಲಿ ಪ್ರೊಫೆಸರ್ ಆದವರಿಗೂ ಬೀಡಿ ಕಟ್ಟುವ ನಮಗೂ ಒಂದೊಂದೇ ಓಟು. ನಮ್ಮ ಸಂಸ್ಥೆಯೂ ಈ ತೂಕದಲ್ಲಿ ಮಧ್ಯದಲ್ಲಿ ನಿಂತದ್ದಲ್ಲ. ಬಡವರ ಪಕ್ಷ ಮೊದಲು ಎಂದು ಧರ್ಮಸಭೆಯ ಸಾಮಾಜಿಕ ಬೋಧನೆ ಹೇಳುತ್ತದೆ, ನಾವು ಆ ಕಡೆಯವರು. ನಮ್ಮ ಈ ಪಾಠವನ್ನೂ ಅದು ಗೊತ್ತಿಟ್ಟುಕೊಂಡೇ ಓದಿ. ಟಿ.ವಿ.ಗೆ ಬರುವ ತಜ್ಞರೂ ತಾವು ಯಾವ ಕಡೆ ಅಂತ ಹೀಗೆ ಬಾಯಿಬಿಟ್ಟು ಹೇಳಿದರೆ ಚೆನ್ನಾಗಿತ್ತು. ಕೆಲವರು ಸಾಲ ಕೊಡುವ ಕಂಪನಿಯ ಆಡಳಿತ ಮಂಡಳಿಯಲ್ಲಿ ಇರಬಹುದು, ಕೆಲವರ ಸಂಸ್ಥೆ ಅಂಥವರ ದೇಣಿಗೆಯಿಂದ ನಡೆಯುತ್ತಿರಬಹುದು, ಕೆಲವರು ಮುಂದಿನ ಚುನಾವಣೆಗೆ ಟಿಕೆಟ್ ಕಾಯುತ್ತಿರಬಹುದು. ಅದು ಪಾಪವೇನಲ್ಲ. ಮುಚ್ಚಿಟ್ಟು ಮಾತಾಡುವುದು ಮಾತ್ರ ಸರಿಯಲ್ಲ.

ಈಗ ಬಡ್ಡಿಯ ವಿಷಯ. ಚರ್ಚೆಗಳಲ್ಲಿ ಹೆಚ್ಚು ಗೊಂದಲ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ, ಪೆನ್ನು ಹಿಡಿದುಕೊಳ್ಳಿ. ಒಬ್ಬ ತಜ್ಞರು "ಬಡ್ಡಿ ಬರೀ 12 ಪರ್ಸೆಂಟ್" ಅನ್ನುತ್ತಾರೆ. ಇನ್ನೊಬ್ಬರು "ಇಲ್ಲ, ಅದು 20 ದಾಟುತ್ತೆ" ಅನ್ನುತ್ತಾರೆ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಇಬ್ಬರೂ ಒಂದೇ ಸಾಲದ ಬಗ್ಗೆ ನಿಜವನ್ನೇ ಹೇಳುತ್ತಿರಬಹುದು. 12,000 ರೂಪಾಯಿ ಸಾಲ, 12 ತಿಂಗಳು, ತಿಂಗಳಿಗೆ 1,000 ಅಸಲು ಅಂತಿಟ್ಟುಕೊಳ್ಳಿ. ಫ್ಲಾಟ್ ಲೆಕ್ಕದಲ್ಲಿ ಪೂರ್ತಿ 12,000ಕ್ಕೆ ವರ್ಷಕ್ಕೆ ಶೇ. 12 ಅಂದರೆ 1,440 ರೂಪಾಯಿ ಬಡ್ಡಿ. ಆದರೆ ನೀವು ತಿಂಗಳು ತಿಂಗಳು ಅಸಲು ಕಟ್ಟುತ್ತಾ ಬರುತ್ತೀರಿ, ಕೊನೆ ತಿಂಗಳು ನಿಮ್ಮ ಕೈಯಲ್ಲಿ ಉಳಿದಿರುವುದು 1,000 ಮಾತ್ರ. ಉಳಿದ ಬಾಕಿಗೆ ಮಾತ್ರ ಶೇ. 12 ಹಾಕಿದರೆ, ಅಂದರೆ ಇಳಿಕೆ ಲೆಕ್ಕದಲ್ಲಿ, ಬಡ್ಡಿ 780 ರೂಪಾಯಿ. ನಮ್ಮ ಸಂಘಗಳಲ್ಲಿ ಬಾಕಿಯ ಮೇಲೆ ಬಡ್ಡಿ ಹಾಕುವುದು ಇದೇ ಲೆಕ್ಕ. 1,440 ಕಟ್ಟಿಸಿಕೊಂಡವರು ಇಳಿಕೆ ಲೆಕ್ಕದಲ್ಲಿ ಹೆಚ್ಚುಕಮ್ಮಿ ಶೇ. 21–22 ತೆಗೆದುಕೊಂಡ ಹಾಗಾಯಿತು. ಆದ್ದರಿಂದ ಬಡ್ಡಿಯ ಅಂಕಿ ಕಿವಿಗೆ ಬಿದ್ದ ಕೂಡಲೇ "ಫ್ಲಾಟೋ, ಇಳಿಕೆಯೋ?" ಅಂತ ಕೇಳಬೇಕು. ಟಿ.ವಿ.ಯವರು ಕೇಳದಿದ್ದರೆ ನೀವು ಮನಸ್ಸಿನಲ್ಲಾದರೂ ಕೇಳಿ.

ಇನ್ನೊಂದು ಗೊಂದಲ ನಮಗೆ ನೋವು ಕೊಡುವಂಥದ್ದು. ಚರ್ಚೆಗಳಲ್ಲಿ 'ಮಹಿಳಾ ಗುಂಪು' ಅಂತ ಒಂದೇ ಮಾತಿನಲ್ಲಿ ಎಲ್ಲರನ್ನೂ ಸೇರಿಸಿಬಿಡುತ್ತಾರೆ. ಮೈಕ್ರೋ ಫೈನಾನ್ಸ್ ಕಂಪನಿ ಸಾಲ ಕೊಡುವುದಕ್ಕಾಗಿಯೇ ಐದಾರು ಮಂದಿಯನ್ನು ಕೂಡಿಸಿ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅನ್ನುವ ಗುಂಪು ಬೇರೆ. ಹತ್ತರಿಂದ ಇಪ್ಪತ್ತು ಮಂದಿ ಸೇರಿ, ವಾರಕ್ಕಿಷ್ಟು ಉಳಿಸಿ, ತಮ್ಮದೇ ಹಣವನ್ನು ತಮ್ಮೊಳಗೇ ಸಾಲ ಕೊಟ್ಟುಕೊಂಡು, ಆಮೇಲೆ ಬ್ಯಾಂಕಿಗೆ ಹೋಗುವ ನಮ್ಮ ಸಂಘ ಬೇರೆ. ನಮ್ಮ ಕರ್ನಾಟಕದಲ್ಲೇ ಮೈರಾಡದಂಥ ಸಂಸ್ಥೆಗಳು 1980ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಕಂಪನಿಯ ಗುಂಪಿನ ತಪ್ಪಿಗೆ ಸಂಘದ ಹೆಸರು ಕೆಡುವುದು, ಸಂಘಕ್ಕೆ ಬಂದ ಸವಲತ್ತು ತಮಗೂ ಬಂತು ಅಂತ ಕಂಪನಿ ಸಾಲದವರು ಕಾಯುವುದು, ಎರಡೂ ಈ ಒಂದೇ ಮಾತಿನ ಫಲ. ತಜ್ಞರು 'ಗುಂಪು' ಅಂದಾಗ ಯಾವ ಗುಂಪು ಅಂತ ಗಮನಿಸಿ.

ಇಷ್ಟೆಲ್ಲ ಕೇಳಿ ಏನು ಪ್ರಯೋಜನ, ಅವರ ಮಾತು ಅಲ್ಲೇ ಗಾಳಿಗೆ ಹೋಗುತ್ತೆ ಅಂತ ನೀವು ಕೇಳಬಹುದು. ಹಾಗೇನಿಲ್ಲ. ಆಂಧ್ರದ ಗಲಾಟೆಯ ನಂತರ ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿಗೆ ಶೇ. 26ರ ಮಿತಿ ಹಾಕಿತು. 2022ರಲ್ಲಿ ಬಂದ ಹೊಸ ನಿಯಮದಲ್ಲಿ ಬಡ್ಡಿಯ ಮಿತಿ ಹೋಯಿತು. ಅದರ ಬದಲು ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಕೊಡುವ ಸಾಲಕ್ಕೆ ಜಾಮೀನು ಕೇಳಬಾರದು, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಬೆಳಿಗ್ಗೆ 9ಕ್ಕೆ ಮೊದಲು ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಬಾರದು, ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಬಂತು. ಇದೆಲ್ಲ ಹತ್ತಾರು ವರ್ಷ ಪತ್ರಿಕೆಯಲ್ಲಿ, ಸಮಿತಿಯಲ್ಲಿ, ಸಭೆಯಲ್ಲಿ ವಾದ ಮಾಡಿ ಮಾಡಿ ಆದದ್ದು. ಆದರೆ ಆ ವಾದಗಳಲ್ಲಿ ಸಂಘದ ಹೆಂಗಸರ ದನಿ ಎಷ್ಟು ಇತ್ತು? ಬಹಳ ಕಡಿಮೆ. ನಮ್ಮ ಬಗ್ಗೆ ಮಾತಾಡಿದವರು ಬಹಳ ಮಂದಿ. ನಮ್ಮನ್ನು ಕೂರಿಸಿ ಮಾತಾಡಿಸಿದವರು ಕೆಲವರೇ.

ಬಿಡದೆ ನ್ಯಾಯಾಧೀಶನ ಬಾಗಿಲಿಗೆ ಹೋಗುತ್ತಿದ್ದ ವಿಧವೆಯ ಸಾಮತಿ ನಮ್ಮಲ್ಲಿ ಅನೇಕರಿಗೆ ಗೊತ್ತು. ಅವಳಿಗೆ ವಕೀಲರಿರಲಿಲ್ಲ, ತನ್ನ ಸಂಗತಿ ತನಗೆ ಸರಿಯಾಗಿ ಗೊತ್ತಿತ್ತು. ನಮಗೂ ನಮ್ಮ ಸಂಗತಿ ಗೊತ್ತು, ಅದೂ ಬರೆದಿಟ್ಟದ್ದು ಇದೆ. ಒಂದು ಸಂಘದ ಐದು ವರ್ಷದ ಸಾಲದ ಪುಸ್ತಕ ತೆಗೆದರೆ ಸಾಲ ಯಾತಕ್ಕೆ ಹೋಯಿತು, ಆಸ್ಪತ್ರೆಗೆ ಎಷ್ಟು, ಶಾಲೆ ಫೀಸಿಗೆ ಎಷ್ಟು, ದನ ಕೊಳ್ಳಲು ಎಷ್ಟು, ಹಳೇ ಸಾಲ ತೀರಿಸಲು ಎಷ್ಟು ಅನ್ನುವುದು ಸಾಲು ಸಾಲಾಗಿ ಸಿಗುತ್ತೆ. ವಿದ್ವಾಂಸರು ಇಂಥ ಲೆಕ್ಕ ತೆಗೆಯಲು ಮನೆ ಮನೆಗೆ ಜನ ಕಳಿಸಬೇಕು. ನಮ್ಮ ಬಳಿ ಟ್ರಂಕಿನಲ್ಲೇ ಇದೆ. ಗ್ರಾಮಸಭೆಯಲ್ಲಿ "ನಮಗೆ ತೊಂದರೆ ಆಗಿದೆ" ಅನ್ನುವುದಕ್ಕಿಂತ "ನಮ್ಮ ಸಂಘದ 18 ಮಂದಿಯಲ್ಲಿ ಇಷ್ಟು ಮಂದಿಗೆ ಎರಡಕ್ಕಿಂತ ಹೆಚ್ಚು ಕಂಪನಿ ಸಾಲ ಇದೆ" ಅಂದರೆ ಪಿ.ಡಿ.ಒ. ಬರೆದುಕೊಳ್ಳುತ್ತಾರೆ. 'ಪ್ರಜಾವಾಣಿ'ಯ ವಾಚಕರ ವಾಣಿಗೆ ಬರೆಯಲು ಯಾರ ಶಿಫಾರಸೂ ಬೇಡ. ಕಂಪ್ಯೂಟರ್ ಬಾರದಿದ್ದರೆ ಮಗಳ ಕೈಲಿ ಟೈಪ್ ಮಾಡಿಸಿ. ಹೆಸರುಗಳನ್ನು ಮಾತ್ರ ಹಾಕಬೇಡಿ, ಯಾರ ಮನೆ ಸಾಲ ಎಷ್ಟು ಅನ್ನುವುದು ಸಂಘದ ಒಳಗಿನ ಮಾತು.

ಮುಂದಿನ ಸಭೆಗೆ:

ಎಲ್ಲ ಸದಸ್ಯೆಯರೂ ತಮ್ಮ ಕಂಪನಿ ಸಾಲದ ಕಾರ್ಡು ತನ್ನಿ. ಅದು ಕನ್ನಡದಲ್ಲಿದೆಯಾ, ಬಡ್ಡಿ ಫ್ಲಾಟೋ ಇಳಿಕೆಯೋ, ಕಂತೆಲ್ಲ ಸೇರಿ ತಿಂಗಳ ಆದಾಯದ ಅರ್ಧ ದಾಟಿದೆಯಾ ಅಂತ ಪ್ರತಿನಿಧಿಗಳು ಜೊತೆಗೆ ಕೂತು ನೋಡಬೇಕು. ಕಾರ್ಡು ತೋರಿಸಲು ನಾಚಿಕೆ ಪಡುವವರನ್ನು ಬಲವಂತ ಮಾಡಬೇಡಿ.

ಈ ತಿಂಗಳು ಒಂದು ಸಂಜೆಯ ಚರ್ಚೆಯನ್ನೋ, ಪತ್ರಿಕೆಯ ಒಂದು ಲೇಖನವನ್ನೋ ಆರಿಸಿಕೊಳ್ಳಿ. ಓದಲು ಬರುವವರು ಜೋರಾಗಿ ಓದಲಿ. ಯಾವುದು ಎಣಿಕೆ, ಯಾವುದು ಅಂದಾಜು, ಯಾವುದು ಅವರ ಮನಸ್ಸಿನ ತೂಕ ಅಂತ ಬೇರೆ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಮ್ಮತ ಆಗದಿದ್ದರೆ ಎರಡು ಅಭಿಪ್ರಾಯವನ್ನೂ ಬರೆಯಿರಿ. ವಲಯದ ಕಾರ್ಯಕರ್ತೆ ಬಂದಾಗ ಅದನ್ನು ಕೇಳಿ ಪಡೆದುಕೊಳ್ಳುತ್ತಾರೆ. ಬಂದ ಬರಹಗಳಲ್ಲಿ ಕೆಲವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.